ಮಾವಿನ ಜಿಗಿಹುಳಕ್ಕೆ ಇಮಿಡಾ ಹತ್ತುತ್ತಿಲ್ಲ: ಡೋಸ್ ಜಾಸ್ತಿ ಮಾಡಬೇಕಾ, ಔಷಧಿ ಬದಲಿಸಬೇಕಾ?

ಆರೆಕರೆ_ತೋಪು ಕೇಳಿದ್ದು:

ಶ್ರೀನಿವಾಸಪುರ ಕಡೆಯ ತೋಪು. 6 ಎಕರೆ, 240 ಮರ, ಎಲ್ಲ 25 ವರ್ಷದವು. ಮುಕ್ಕಾಲು ಪಾಲು ತೋತಾಪುರಿ, ಮಿಕ್ಕಿದ್ದು ಬಾದಾಮಿ, ಬೇನಿಷಾ. ಈ ಸಲ ಹೂ ಚೆನ್ನಾಗಿಯೇ ಬಂದಿದೆ, ಆದರೆ ಜಿಗಿಹುಳು ವಿಪರೀತ. ಇಲ್ಲಿವರೆಗೆ ಹೊಡೆದಿದ್ದು:

ನವೆಂಬರ್ ಕೊನೆ: ಕಾನ್ಫಿಡಾರ್ (ಇಮಿಡಾಕ್ಲೋಪ್ರಿಡ್ ಕೀಟನಾಶಕ, ಇಮಿಡಾ ಅನ್ನೋದು ಇದನ್ನೇ), ಲೀಟರಿಗೆ 0.5 ಮಿ.ಲೀ.
22 ದಿನ ಬಿಟ್ಟು: ಕಾನ್ಫಿಡಾರ್ ಸೂಪರ್ (ಅಂಗಡಿಯಲ್ಲಿ "ಇದು ಬೇರೆ, ಪವರ್ ಜಾಸ್ತಿ" ಅಂದರು)
ಮತ್ತೆ 12 ದಿನಕ್ಕೆ: ಅಲಿಕಾ, ಲೀಟರಿಗೆ 0.5 ಮಿ.ಲೀ.

ಎಚ್‌ಟಿಪಿ (ಹೆಚ್ಚು ಒತ್ತಡದ) ಪಂಪು, ಗನ್‌ನಲ್ಲಿ ಹೊಡೆದದ್ದು. ಒಂದೊಂದು ಸಲಕ್ಕೂ 200 ಲೀಟರಿನ 6 ಡ್ರಮ್ಮು. ಬೋರ್‌ವೆಲ್ ನೀರು. ಹೊಡೆದ ಮಾರನೇ ದಿನ ಮರದ ಕೆಳಗೆ ಒಂದಷ್ಟು ಹುಳು ಬಿದ್ದಿರುತ್ತವೆ. ಐದನೇ ದಿನಕ್ಕೆ ಕೊಂಬೆ ತಟ್ಟಿದರೆ ಮತ್ತೆ ಮಳೆ ಬಂದ ಹಾಗೆ ಚಟಪಟ ಅಂತ ಎದ್ದು ಹಾರುತ್ತವೆ. ಎಲೆ ಎಲ್ಲ ಅಂಟು, ಕೆಳಗಿನ ಕೊಂಬೆಗಳಲ್ಲಿ ಕಪ್ಪು ಹಿಡಿಯೋಕೆ ಶುರುವಾಗಿದೆ.

ಹುಳಕ್ಕೆ ಔಷಧಿ ಒಗ್ಗಿಹೋಗಿದೆಯಾ? ಅಂಗಡಿಯವರು ಇಮಿಡಾನೇ 1 ಮಿ.ಲೀ. ಮಾಡಿ, ಇಲ್ಲಾಂದ್ರೆ ಹಳೇ ಮಾನೋಕ್ರೋಟೋಫಾಸ್ ಇದೆ, ಅದನ್ನ ಬೆರೆಸಿ ಅಂತಾರೆ. ಈಗ ಅರ್ಧ ಹೂ ಅರಳಿದೆ. ಮುಂದೇನು?

---

ಕೀಟಲೆ ಉತ್ತರ:

ಮೊದಲು ಲೆಕ್ಕ ನೋಡೋಣ. 6 ಡ್ರಮ್ಮು ಅಂದರೆ 1,200 ಲೀಟರ್, 240 ಮರಕ್ಕೆ ಹಂಚಿದರೆ ಮರಕ್ಕೆ 5 ಲೀಟರ್. 25 ವರ್ಷದ ತೋತಾಪುರಿ ಮರಕ್ಕೆ ಇದು ಏನೇನೂ ಸಾಲದು. 10ರಿಂದ 15 ಲೀಟರ್ ಬೇಕು. ಲೀಟರಿಗೆ 0.5 ಹಾಕಿದ್ದಕ್ಕೆ ಮರಕ್ಕೆ 2.5 ಮಿ.ಲೀ. ಔಷಧಿ ಬಿತ್ತು. ಅದೇ ಲೀಟರಿಗೆ 0.3ರಂತೆ ಬೆರೆಸಿ 12 ಲೀಟರ್ ಹೊಡೆದಿದ್ದರೆ 3.6 ಮಿ.ಲೀ. ಬೀಳುತ್ತಿತ್ತು, ಮರವೂ ಪೂರ್ತಿ ನೆನೆಯುತ್ತಿತ್ತು. ಅಂದರೆ ಡ್ರಮ್ಮಿನಲ್ಲಿ ಗಟ್ಟಿ, ಮರದ ಮೇಲೆ ತೆಳು. ಕೆಳಗಿನ ಕೊಂಬೆಗೆ ಪೂರ್ತಿ ಡೋಸ್, ತುದಿಯ ಹೂವಿಗೆ ಕಾಲು ಡೋಸ್, ಒಳಗಿನ ಕಾಂಡಕ್ಕೆ ಸೊನ್ನೆ. ಹುಳು ಒಗ್ಗಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆ ಪಾಠಶಾಲೆ ಬೇಕಿಲ್ಲ.

ಎರಡನೆಯದು, ನೀವು ಮೂರು ಔಷಧಿ ಹೊಡೆದಿಲ್ಲ. ಕಾನ್ಫಿಡಾರ್ ಅಂದರೆ ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್ (ಅಂಕಿ ಅಂದರೆ ಶೇಕಡ ಎಷ್ಟು ಔಷಧಿ, ಎಸ್‌ಎಲ್, ಎಸ್‌ಸಿ ಅಂದರೆ ದ್ರವದ ಬಗೆ). ಕಾನ್ಫಿಡಾರ್ ಸೂಪರ್ ಅದೇ ಇಮಿಡಾಕ್ಲೋಪ್ರಿಡ್, 30.5 ಎಸ್‌ಸಿ. ಅಲಿಕಾದಲ್ಲಿ ಥಯಾಮೆಥಾಕ್ಸಾಮ್ 12.6, ಲ್ಯಾಂಬ್ಡಾ ಸೈಹಲೋಥ್ರಿನ್ 9.5 ಇದೆ. ಇಮಿಡಾ, ಥಯಾಮೆಥಾಕ್ಸಾಮ್ ಎರಡೂ ನಿಯೋನಿಕೋಟಿನಾಯ್ಡ್, ಅಂದರೆ 4ಎ ಗುಂಪು (ಹುಳವನ್ನು ಕೊಲ್ಲುವ ಬಗೆ ನೋಡಿ ಔಷಧಿಗೆ ಕೊಡುವ ಗುಂಪಿನ ನಂಬರ್). ಹುಳದ ನರದಲ್ಲಿ ಎರಡೂ ಹೋಗಿ ಕೂರುವುದು ಒಂದೇ ಜಾಗದಲ್ಲಿ. ಒಂದಕ್ಕೆ ಬಗ್ಗದ ಹುಳು ಇನ್ನೊಂದಕ್ಕೂ ಸುಲಭಕ್ಕೆ ಬಗ್ಗುವುದಿಲ್ಲ. ಅಂಗಡಿಗೆ ಹೋದರೆ ಡಬ್ಬಿಯ ದೊಡ್ಡ ಅಕ್ಷರ ಬಿಡಿ, ಕೆಳಗೆ ಸಣ್ಣ ಅಕ್ಷರದಲ್ಲಿರುವ ತಾಂತ್ರಿಕ ಹೆಸರು ಓದಿ. ಅಡ್ಮೈರ್, ಅಕ್ತಾರಾ ಕೂಡ ಇದೇ ಗುಂಪಿನವು. ಸೋಲೊಮನ್‌ನಲ್ಲಿರುವ ಎರಡು ಔಷಧಿಯಲ್ಲೂ ಒಂದು ಇಮಿಡಾನೇ.

ಹಾಗಾದರೆ ಒಗ್ಗಿಹೋಗಿದೆಯಾ? ಇರಬಹುದು. ಭತ್ತದ ಕಂದು ಜಿಗಿಹುಳು ಇಮಿಡಾಗೆ ಜಗ್ಗದಂತಾಗಿ 20 ವರ್ಷದ ಹತ್ತಿರ ಆಯಿತು, ಮಾವಿನದೂ ಅದೇ ದಾರಿ ಹಿಡಿದರೆ ಆಶ್ಚರ್ಯವಿಲ್ಲ. ಆದರೆ ಐದನೇ ದಿನ ಹುಳು ಕಂಡ ಮಾತ್ರಕ್ಕೆ ತೀರ್ಮಾನ ಬೇಡ. ಯಾವ ಹುಳು ಕಂಡಿತು ಅನ್ನೋದೇ ಮುಖ್ಯ. ಹೊಡೆದ ಐದನೇ ದಿನ ಬೆಳಿಗ್ಗೆ 7ರ ಒಳಗೆ ಹತ್ತು ಹೂಗೊಂಚಲು ಬಗ್ಗಿಸಿ, ಬಿಳಿ ಕಾಗದದ ಮೇಲೆ ತಟ್ಟಿ ನೋಡಿ.

ರೆಕ್ಕೆ ಬಂದ ದೊಡ್ಡ ಹುಳು ಮಾತ್ರ ಇದ್ದು ಮರಿ ಇಲ್ಲ ಅಂದರೆ ಅವು ಪಕ್ಕದ ತೋಪಿನಿಂದ ಹಾರಿ ಬಂದವು. ಔಷಧಿಯ ತಪ್ಪಲ್ಲ.

ಸಾಸಿವೆಗಿಂತ ಚಿಕ್ಕ ಮರಿ ಮಾತ್ರ ಇದ್ದರೆ, ಅವು ಸಿಂಪಡಣೆಯ ನಂತರ ಮೊಟ್ಟೆ ಒಡೆದು ಬಂದವು. ಹೆಣ್ಣು ಹುಳು ಮೊಟ್ಟೆ ಚುಚ್ಚುವುದು ಹೂಗೊಂಚಲ ದಂಟಿನ ಒಳಗೆ, ಮೊಗ್ಗಿನ ಒಳಗೆ. ಮೇಲೆ ಹೊಡೆದ ಔಷಧಿ ಮೊಟ್ಟೆಗೆ ತಾಗುವುದಿಲ್ಲ. ನಾಲ್ಕರಿಂದ ಏಳು ದಿನದಲ್ಲಿ ಒಡೆಯುತ್ತವೆ.

ಚಿಕ್ಕದು, ಮಧ್ಯಮ, ದೊಡ್ಡದು, ಎಲ್ಲ ಗಾತ್ರದ ಮರಿಯೂ ಇದ್ದರೆ ಮಾತ್ರ ಅವು ಸಿಂಪಡಣೆ ದಾಟಿ ಬದುಕಿದವು. ಆಗ ಒಂದೋ ಔಷಧಿ ತಾಗಿಲ್ಲ, ಇಲ್ಲವೋ ತಾಗಿಯೂ ಸತ್ತಿಲ್ಲ. ಈ ಎರಡನ್ನು ಬಿಡಿಸಲು ಡಬ್ಬಿ ಪರೀಕ್ಷೆ ಮಾಡಬೇಕು, ಅದನ್ನು ಬೇರೆ ಯಾರಾದರೂ ವಿವರಿಸಲಿ, ಇದೇ ಉದ್ದವಾಯಿತು.

ಡೋಸ್ 1 ಮಿ.ಲೀ. ಮಾಡುವ ಸಲಹೆ ಖಂಡಿತ ಬೇಡ. ಇಮಿಡಾವನ್ನು ಮೈಯೊಳಗೇ ಒಡೆದು ಹೊರಹಾಕುವ ಕಿಣ್ವ ಜಾಸ್ತಿ ಇರುವ ಹುಳು ದುಪ್ಪಟ್ಟನ್ನೂ ತಡೆದುಕೊಳ್ಳುತ್ತದೆ. ಸಾಯುವುದು ಅದರ ಜೊತೆಯ ಬಡಪಾಯಿಗಳು, ಅವನ್ನು ತಿನ್ನುವ ಜೇಡ, ಗುಲಗಂಜಿ ಹುಳು. ಮುಂದಿನ ಪೀಳಿಗೆ ಪೂರ್ತಿ ಗಟ್ಟಿಗರದ್ದೇ ಆಗುತ್ತದೆ. ಹೂ ಕಾಲದಲ್ಲಿ ಎರಡರಿಂದ ಮೂರು ವಾರಕ್ಕೊಂದು ಪೀಳಿಗೆ, ಹಾಗಾಗಿ ಒಂದೇ ಹಂಗಾಮಿನಲ್ಲಿ ಈ ಆಯ್ಕೆ ಎರಡು ಮೂರು ಸುತ್ತು ನಡೆದುಬಿಡುತ್ತದೆ.

ಮಾನೋಕ್ರೋಟೋಫಾಸ್ 36 ಎಸ್‌ಎಲ್ ವಿಷಯ: 2023ರಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿ, ಇದ್ದ ದಾಸ್ತಾನು ತೀರಿಸಲು ಒಂದು ವರ್ಷ ಕೊಟ್ಟಿತ್ತು. ಆ ಗಡುವು ಮುಗಿದಿದೆ. "ಹಳೇದು ಇದೆ" ಅಂದರೆ ಅದು ಮಾರಬಾರದ ಮಾಲು.

---

ಒಣದ್ರಾಕ್ಷಿ ಉತ್ತರ:

ವಿಜಯಪುರ ಕಡೆ ದ್ರಾಕ್ಷಿ ಒಳಗ ಥ್ರಿಪ್ಸ್ (ರಸ ಹೀರೋ ಸಣ್ಣ ಹುಳ) ಅಂತಾರಲ್ಲ, ಅದರದ್ದೂ ಇದೇ ಹಣೆಬರಹ ಐತ್ರಿ. ಥ್ರಿಪ್ಸ್‌ಗೆ ಇನ್ನೊಂದು ಅನುಕೂಲ ಐತಿ: ಗಂಡು ಥ್ರಿಪ್ಸ್ ಹುಟ್ಟೋದು ಗಂಡಿನ ಕೂಡಿಕೆ ಇಲ್ಲದ ಮೊಟ್ಟೆಯಿಂದ. ಅದಕ್ಕ ವಂಶವಾಹಿಯ ಜೋಡಿ ಒಳಗ ಒಂದೇ ಪ್ರತಿ ಇರ್ತದ. ನಿರೋಧಕ ಗುಣ ಒಂದ ಸಲ ಬಂತಂದ್ರ ಅದನ್ನ ಮುಚ್ಚಿಡಾಕ ಇನ್ನೊಂದು ಪ್ರತಿ ಇರೂದಿಲ್ಲ, ಆ ಪೀಳಿಗೆಯಾಗ ಎದ್ದು ಕಾಣ್ತದ. ಮಾವಿನ ಹೂವಿನಾಗೂ ಥ್ರಿಪ್ಸ್ ಇದ್ದೇ ಇರ್ತಾವ, ಜಿಗಿಹುಳ ಅಂತ ಹೊಡೆದ ಇಮಿಡಾ ಅವಕ್ಕೂ ಬೀಳ್ತದ. ಕಾಗದದ ಮ್ಯಾಲ ತಟ್ಟಿದಾಗ ಹಳದಿ ಬಣ್ಣದ, ಸೂಜಿಮೊನೆಯಷ್ಟು ಸಣ್ಣ, ಉದ್ದಕ ಹರಿಯೋ ಹುಳ ಅದಾವೇನು ನೋಡ್ರಿ. ಅವು ಇದ್ದೂ ಅಂದ್ರ ಔಷಧಿ ಪಟ್ಟಿ ಬ್ಯಾರೇನ ಮಾಡಬೇಕಾಗ್ತದ.

ಒಂದು ತಕರಾರು. ಕೀಟಲೆಯವರು ಅಲಿಕಾದಂಥ ಮಿಶ್ರಣದ ಬಗ್ಗೆ ಇನ್ನೂ ಬಿಗಿಯಾಗಿ ಹೇಳಬೇಕಿತ್ತು. ಎರಡು ಔಷಧಿ ಕೂಡಿಸಿದ್ರ ಒಂದರಿಂದ ಉಳಿದಿದ್ದನ್ನ ಇನ್ನೊಂದು ಕೊಲ್ತದ ಅನ್ನೋ ಮಾತು ಖರೆ. ಆದ್ರ ಎರಡೂ ತಮ್ಮಷ್ಟಕ್ಕ ಕೊಲ್ಲೂ ಶಕ್ತಿ ಇನ್ನೂ ಇಟ್ಕೊಂಡಿದ್ರ ಮಾತ್ರ. ಒಂದು ಆಗಲೇ ಸೋತಿದ್ರ, ಪೂರ್ತಿ ಭಾರ ಇನ್ನೊಂದರ ಮ್ಯಾಲ ಬಿದ್ದು ಅದೂ ಹಾಳಾಗ್ತದ. ರೊಕ್ಕ ಮಾತ್ರ ಎರಡಕ್ಕೂ ಕೊಡ್ತೀರಿ. ಲ್ಯಾಂಬ್ಡಾದ ಇನ್ನೊಂದು ಗುಣ ಅಂದ್ರ ಮಿತ್ರಕೀಟ ಎಲ್ಲಾ ಬಳಿದು ಹಾಕ್ತದ, ಮುಂದ ಹಿಟ್ಟು ತಿಗಣೆ, ನುಸಿ ಏಳ್ತಾವ. ಹಂಗಾಮಿಗೆ ಒಂದ ಸಲ, ಅಷ್ಟೇ. ನಿಮ್ಮ ಲೆಕ್ಕದಾಗ ಅದು ಅಲಿಕಾ ಒಳಗ ಮುಗದದ.

---

ಬೆರಳುದ್ದ_ಹೂ ಉತ್ತರ:

ಡಬ್ಬಿ ಪರೀಕ್ಷೆ ಇಲ್ಲಿದೆ. ಎಲೆ ಅದ್ದುವ ವಿಧಾನ ಅನ್ನುತ್ತಾರೆ, ಪ್ರಯೋಗಾಲಯದಲ್ಲೂ ಮೂಲ ಕ್ರಮ ಇದೇ.

ಬೇಕಾದದ್ದು: ಅರ್ಧ ಲೀಟರಿನ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ 9, ಬಾಯಿಗೆ ಕಟ್ಟಲು ತೆಳು ಮಲ್‌ಬಟ್ಟೆ, ರಬ್ಬರ್ ಬ್ಯಾಂಡ್, 1 ಮಿ.ಲೀ. ಸಿರಿಂಜ್, ಸಣ್ಣ ಬಣ್ಣದ ಕುಂಚ, ಹತ್ತಿ.

ಹುಳು ಹಿಡಿಯುವುದು ಬೆಳಿಗ್ಗೆ ಬೇಗ, ಚಳಿಗೆ ಅವು ಮಂಕಾಗಿರುವಾಗ. ಹೂಗೊಂಚಲ ಮೇಲೆ ದೊಡ್ಡ ಪ್ಲಾಸ್ಟಿಕ್ ಚೀಲ ಹಾಕಿ, ಬಾಯಿ ಹಿಡಿದು ಅಲ್ಲಾಡಿಸಿ. ಬೇರೆ ಬೇರೆ ಕಡೆಯ ಹತ್ತಾರು ಮರದಿಂದ ಕೂಡಿಸಿ. ಕಳೆದ 15 ದಿನದಲ್ಲಿ ಔಷಧಿ ಬಿದ್ದ ಮರದ ಹುಳು ಬೇಡ, ಅರ್ಧ ಸತ್ತವೇ ಬಂದರೆ ಲೆಕ್ಕ ಕೆಡುತ್ತದೆ. ಅಂಥ ಮರ ಇಲ್ಲದಿದ್ದರೆ 15 ದಿನ ತುಂಬುವವರೆಗೆ ಕಾಯುವುದೇ ಸರಿ.

ಮೂರು ದ್ರಾವಣ ಮಾಡಿ. ಒಂದು ಬರೀ ನೀರು. ಎರಡು, ಶಿಫಾರಸಿನ ಡೋಸ್: ಇಮಿಡಾ 17.8 ಎಸ್‌ಎಲ್ ಲೀಟರಿಗೆ 0.3 ಮಿ.ಲೀ. ಮೂರು, ಅದರ ದುಪ್ಪಟ್ಟು, 0.6. ಔಷಧಿ ಬೀಳದ ಎಳೆ ಚಿಗುರನ್ನು 10 ಸೆಕೆಂಡ್ ಅದ್ದಿ, ನೆರಳಲ್ಲಿ ಒಂದು ಗಂಟೆ ಆರಿಸಿ. ತೊಟ್ಟಿಗೆ ಒದ್ದೆ ಹತ್ತಿ ಸುತ್ತಿ ಡಬ್ಬಿಗೆ ಹಾಕಿ. ಹತ್ತಿ ಮರೆತರೆ ಚಿಗುರು ಒಣಗಿ ಹುಳು ಹಸಿವಿಗೇ ಸಾಯುತ್ತದೆ, ಬಹಳ ಜನ ಎಡವುವುದು ಇಲ್ಲೇ. ಡಬ್ಬಿಗೆ 10 ಹುಳು, ಒಂದೊಂದು ದ್ರಾವಣಕ್ಕೆ ಮೂರು ಡಬ್ಬಿ. ನೀರಿನ ಡಬ್ಬಿಯನ್ನು ಮೊದಲು ತಯಾರಿಸಿ, ಆಮೇಲೆ ಔಷಧಿಯವು. ಕೈಗವಸು ಇರಲಿ. ಡಬ್ಬಿ ಬಿಸಿಲಲ್ಲಿ ಇಡಬೇಡಿ.

ಎಣಿಸುವುದು 72 ಗಂಟೆಗೆ. ಇಮಿಡಾ ತಾಗಿದ ಹುಳು ತಿನ್ನುವುದು ನಿಲ್ಲಿಸಿ ನಿಧಾನಕ್ಕೆ ಸಾಯುತ್ತದೆ, 24 ಗಂಟೆಗೆ ನೋಡಿದರೆ ಮೋಸ ಹೋಗುತ್ತೀರಿ. ಕುಂಚದಿಂದ ಮುಟ್ಟಿದಾಗ ಎದ್ದು ನಡೆಯಲಾಗದ್ದನ್ನು ಸತ್ತ ಲೆಕ್ಕಕ್ಕೇ ಹಾಕಿ.

ಲೆಕ್ಕದ ಉದಾಹರಣೆ: ನೀರಿನ 30 ಹುಳದಲ್ಲಿ 3 ಸತ್ತರೆ 10 ಶೇಕಡ. ಔಷಧಿಯ 30ರಲ್ಲಿ 15 ಸತ್ತರೆ 50 ಶೇಕಡ. 50ರಿಂದ 10 ಕಳೆದು, ಉಳಿದ 40ನ್ನು 90ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 44. ಅಂದರೆ ಔಷಧಿ ನಿಜವಾಗಿ ಕೊಂದದ್ದು ಶೇ. 44 ಮಾತ್ರ. ನೀರಿನ ಡಬ್ಬಿಯಲ್ಲೇ ಶೇ. 20ಕ್ಕಿಂತ ಹೆಚ್ಚು ಸತ್ತರೆ ಇಡೀ ಪರೀಕ್ಷೆ ರದ್ದು, ಮತ್ತೆ ಮಾಡಿ.

ಡಬ್ಬಿಯಲ್ಲಿ ಪೂರ್ತಿ ನೆನೆದ ಎಲೆಯ ಮೇಲೆ ಶಿಫಾರಸು ಡೋಸಿಗೆ ಹೆಚ್ಚುಕಮ್ಮಿ ಎಲ್ಲ ಸತ್ತರೆ ತಪ್ಪು ಪಂಪಿನದು, ಕೀಟಲೆಯವರ ಲೆಕ್ಕವೇ ಉತ್ತರ. ಅರ್ಧಕ್ಕರ್ಧ ಬದುಕಿ, ದುಪ್ಪಟ್ಟಿನಲ್ಲೂ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಆ ಗುಂಪನ್ನು ಎರಡು ಮೂರು ಹಂಗಾಮು ಮರೆತುಬಿಡಿ. ಮನೆಯ ಪರೀಕ್ಷೆಯಿಂದ ಎಷ್ಟು ಪಟ್ಟು ನಿರೋಧಕ ಅಂತ ಹೇಳಲಾಗದು, ಆದರೆ ಔಷಧಿ ಕೊಳ್ಳಬೇಕಾ ಬೇಡವಾ ಅನ್ನುವುದಕ್ಕೆ ಇಷ್ಟು ಸಾಕು.

ನೀರಿನ ಬಗ್ಗೆ ಒಂದು ಮಾತು. ಕೋಲಾರದ ಬೋರ್‌ವೆಲ್ ನೀರು ಗಡಸು, ಅದರಿಂದಲೇ ಇಮಿಡಾ ಕೆಲಸ ಮಾಡ್ತಿಲ್ಲ ಅನ್ನೋ ಮಾತು ಸುತ್ತಾಡುತ್ತಿರುತ್ತದೆ. ಇಮಿಡಾ ಸ್ವಲ್ಪ ಕ್ಷಾರದ ನೀರಿಗೆಲ್ಲ ಕೆಡುವ ಪದಾರ್ಥ ಅಲ್ಲ. ಕೆಡುವುದು ಮೆಲಾಥಿಯಾನ್, ಡೈಮಿಥೋಯೇಟ್ ಥರದವು. ಅವನ್ನು ಬೆರೆಸಿ ಡ್ರಮ್ಮಿನಲ್ಲಿ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ಹೊಡೆಯುವುದು ಬರೀ ವಾಸನೆ.

---

ಆರೆಕರೆ_ತೋಪು:

ಮೂವರಿಗೂ ಧನ್ಯವಾದ. ಕಾಗದದ ಮೇಲೆ ತಟ್ಟಿ ನೋಡಿದೆ. ಎಲ್ಲ ಗಾತ್ರದ ಮರಿಯೂ ಇವೆ, ಥ್ರಿಪ್ಸ್ ಅಲ್ಲೊಂದು ಇಲ್ಲೊಂದು. ಅಲಿಕಾ ಹೊಡೆದು 15 ದಿನ ಆಗಿಲ್ಲ, ಡಬ್ಬಿ ಪರೀಕ್ಷೆ ಮುಂದಿನ ವಾರ ಇಡುತ್ತೇನೆ. ಅಲ್ಲಿವರೆಗೆ ಸುಮ್ಮನೆ ಕೂತರೆ ಹೂ ಉದುರುತ್ತದೆ. ಪಕ್ಕದ ತೋಪಲ್ಲಿ ಜೇನು ಪೆಟ್ಟಿಗೆ ಬೇರೆ ಇಟ್ಟಿದ್ದಾರೆ. ಏನು ಹೊಡೆಯಲಿ? ಗನ್ ಬಿಟ್ಟು ಬೇರೆ ಏನಾದರೂ ಬೇಕಾ? ಕಪ್ಪು ಬೂಷ್ಟಿಗೆ ಏನು?

---

ಕೀಟಲೆ:

ಅರಳಿದ ಹೂವಿಗೆ ಇಮಿಡಾ, ಥಯಾಮೆಥಾಕ್ಸಾಮ್, ಲ್ಯಾಂಬ್ಡಾ ಯಾವುದೂ ಬೇಡ. ಜೇನಿಗೆ ಮೂರೂ ಯಮ, ಮಾವಿಗೆ ಪರಾಗ ಹೊರುವ ನೊಣಗಳಿಗೂ ಅಷ್ಟೇ. ಸದ್ಯಕ್ಕೆ ಉಳಿಯುವುದು ಬುಪ್ರೊಫೆಜಿನ್ 25 ಎಸ್‌ಸಿ, 16ನೇ ಗುಂಪು. ಮಾವಿನ ಜಿಗಿಹುಳಕ್ಕೆ ಲೇಬಲ್‌ನಲ್ಲೇ ಇದೆ: ಲೀಟರಿಗೆ 1ರಿಂದ 2 ಮಿ.ಲೀ., ಕೊಯ್ಲಿಗೆ 20 ದಿನ ಮೊದಲು ನಿಲ್ಲಿಸಬೇಕು. 1.5 ಇಟ್ಟುಕೊಳ್ಳಿ. ಜೇನಿಗೆ ಇದರ ಕಾಟ ಕಡಿಮೆ. ಆದರೂ ಸಂಜೆ 5ರ ಮೇಲೆ, ಜೇನು ಗೂಡು ಸೇರಿದ ಮೇಲೆ ಹೊಡೆಯಿರಿ, ಪೆಟ್ಟಿಗೆಯವರಿಗೆ ಹಿಂದಿನ ದಿನ ಹೇಳಿ.

ಇದನ್ನು ಹೊಡೆದವರಲ್ಲಿ ಅರ್ಧ ಜನ "ನೀರು ಮಾರಿದ್ದಾರೆ" ಅಂತ ಬೈಯುತ್ತಾರೆ. ಕಾರಣ, ಬುಪ್ರೊಫೆಜಿನ್ ನರಕ್ಕೆ ಹೊಡೆಯುವ ವಿಷ ಅಲ್ಲ. ಮರಿಹುಳು ಪೊರೆ ಬಿಡುವಾಗ ಹೊಸ ಚರ್ಮ ಕಟ್ಟದಂತೆ ತಡೆಯುತ್ತದೆ. ಮಾರನೇ ದಿನ ನೆಲದ ಮೇಲೆ ಒಂದು ಹುಳವೂ ಕಾಣುವುದಿಲ್ಲ. ಮುಂದಿನ ಪೊರೆ ಬಿಡುವಾಗ, ಅಂದರೆ 3ರಿಂದ 7 ದಿನದಲ್ಲಿ ಮರಿ ಸಾಯುತ್ತದೆ. ರೆಕ್ಕೆ ಬಂದವನ್ನು ಕೊಲ್ಲುವುದೇ ಇಲ್ಲ, ಅವು ಇಡುವ ಮೊಟ್ಟೆ ಮಾತ್ರ ಸರಿಯಾಗಿ ಒಡೆಯುವುದಿಲ್ಲ. ಹಾಗಾಗಿ ಮೂರನೇ ದಿನ ಹಾರುವ ಹುಳು ನೋಡಿ ಗಾಬರಿಯಾಗಿ ಇನ್ನೊಂದು ಔಷಧಿ ಹೊಡೆಯಬೇಡಿ. ಏಳನೇ ದಿನ ಮರಿ ಎಣಿಸಿ.

240 ಮರಕ್ಕೂ ಬೇಕಾ ಅಂತ ಮೊದಲು ನೋಡಿ. 24 ಮರ ಆರಿಸಿ, ಒಂದೊಂದರ ನಾಲ್ಕು ದಿಕ್ಕಿನಲ್ಲಿ ಒಂದೊಂದು ಗೊಂಚಲು ತಟ್ಟಿ. ಗೊಂಚಲಿಗೆ ಸರಾಸರಿ 5 ಹುಳಕ್ಕಿಂತ ಕಡಿಮೆ ಇರುವ ಸಾಲು ಬಿಟ್ಟುಬಿಡಿ. ಔಷಧಿ ಬೀಳದ ಮರದಲ್ಲಿ ಬದುಕುವ ಸಾಧು ಹುಳು ಗಟ್ಟಿ ಹುಳದ ಜೊತೆ ಕೂಡುತ್ತಾ ಇದ್ದರೇ ಮುಂದಿನ ವರ್ಷ ಔಷಧಿಗೆ ಬೆಲೆ. ಎಲ್ಲಕ್ಕೂ ಬೇಕು ಅಂದರೆ 240 ಮರ, 12 ಲೀಟರ್: 2,880 ಲೀಟರ್ ನೀರು, ಹದಿನಾಲ್ಕೂವರೆ ಡ್ರಮ್ಮು, ಔಷಧಿ 4.3 ಲೀಟರ್.

ಗನ್‌ನಲ್ಲಿ ತೊಂದರೆ ಏನೆಂದರೆ, ದೂರಕ್ಕೆ ಹೊಡೆಯಲು ಅದನ್ನು ಧಾರೆ ಮಾಡುತ್ತಾರೆ. ಧಾರೆ ಎಲೆಗೆ ಬಡಿದು ಕೆಳಗೆ ಸುರಿಯುತ್ತದೆ, ಹೂವೂ ಉದುರುತ್ತದೆ. ಬಿದಿರು ಗಳಕ್ಕೆ ಕಟ್ಟಿದ ಉದ್ದನೆಯ ಲ್ಯಾನ್ಸ್ (ಸಿಂಪಡಣೆ ಕೊಳವೆ), ತುದಿಗೆ ಹಾಲೋ ಕೋನ್ ನಾಜಲ್ (ಸಣ್ಣ ಹನಿಯಾಗಿ ಹರಡುವ ಮೂತಿ) ಇರಲಿ. ಮೊದಲು ಮರದ ಕೆಳಗೆ ನಿಂತು ಕಾಂಡ, ಕವಲು, ಒಳಗಿನ ರೆಂಬೆ. ಕಾಂಡದ ಸೀಳುಗಳಲ್ಲಿ ಅಡಗುವ ಜಾತಿಯೂ ಇದೆ. ಆಮೇಲೆ ಹೊರಗಿನಿಂದ ಕೆಳಗಿಂದ ಮೇಲಕ್ಕೆ. ತೋಪಿನ ಹೊರಸಾಲಿನಿಂದ ಶುರುಮಾಡಿ ಒಳಗೆ ಬನ್ನಿ, ನಡುವಿನಿಂದ ಶುರುಮಾಡಿದರೆ ಎದ್ದ ಹುಳು ಪಕ್ಕದ ತೋಪಿಗೆ ಹೋಗಿ ವಾರಕ್ಕೆ ವಾಪಸ್ ಬರುತ್ತದೆ. ಎಷ್ಟು ನೆನೆದಿದೆ ಅಂತ ತಿಳಿಯಲು ಮೊದಲ ಮರಕ್ಕೆ ಬಟ್ಟೆಗೆ ಹಾಕುವ ನೀಲಿ ಬೆರೆಸಿದ ಬರೀ ನೀರು ಹೊಡೆಯಿರಿ. ತುದಿ, ನಡು, ಒಳಗೆ ಬಿಳಿ ಕಾಗದದ ಚೂರು ಸಿಕ್ಕಿಸಿಟ್ಟು ಆಮೇಲೆ ತೆಗೆದು ನೋಡಿ. ತುದಿಯ ಕಾಗದ ಬಿಳಿಯಾಗೇ ಇದ್ದರೆ ಉಳಿದ 239 ಮರದ ಕಥೆ ಗೊತ್ತಾಯಿತಲ್ಲ.

ಬೂದಿ ರೋಗಕ್ಕೆ ನೀರಲ್ಲಿ ಕರಗುವ ಗಂಧಕ ಹೊಡೆಯುವ ಯೋಚನೆ ಇದ್ದರೆ ಲೀಟರಿಗೆ 2 ಗ್ರಾಂ. ಬಿಸಿಲು 35 ಡಿಗ್ರಿ ದಾಟಿದ ದಿನ ಬೇಡ, ಹೂ ಸುಡುತ್ತದೆ. ಗಂಧಕಕ್ಕೂ ಬೇವಿನ ಎಣ್ಣೆಗೂ ನಡುವೆ ಎರಡು ವಾರ ಅಂತರ ಇರಲಿ.

ಕಪ್ಪು ಬೂಷ್ಟು ರೋಗ ಅಲ್ಲ, ಹುಳದ ಅಂಟಿನ ಮೇಲೆ ಬೆಳೆದ ಶಿಲೀಂಧ್ರ. ಹುಳು ನಿಲ್ಲದೆ ಅದು ನಿಲ್ಲದು. 1 ಕೆ.ಜಿ. ಮೈದಾ 5 ಲೀಟರ್ ನೀರಲ್ಲಿ ಗಂಜಿ ಮಾಡಿ, ಆರಿಸಿ, ಸೋಸಿ, 20 ಲೀಟರ್ ಆಗುವಷ್ಟು ನೀರು ಸೇರಿಸಿ ಬಿಸಿಲಿರುವ ದಿನ ಎಲೆಗೆ ಹೊಡೆಯಿರಿ. ಒಣಗಿದ ಮೇಲೆ ಪೊರೆ ಪೊರೆಯಾಗಿ ಎದ್ದು ಉದುರುತ್ತದೆ. ಸೋಸದಿದ್ದರೆ ನಾಜಲ್ ಕಟ್ಟಿಕೊಳ್ಳುತ್ತದೆ. ಅರಳಿದ ಹೂವಿನ ಮೇಲೆ ಬೇಡ, ಕಾಯಿ ಕಚ್ಚಿದ ಮೇಲೆ ಮಾಡಿದರೆ ಸಾಕು.

---

ಬೆರಳುದ್ದ_ಹೂ:

ಕಾಯಿ ಬಟಾಣಿ ಗಾತ್ರಕ್ಕೆ ಬಂದಾಗ ಮತ್ತೆ ತಟ್ಟಿ ನೋಡಿ. ಆಗಲೂ 5ಕ್ಕಿಂತ ಜಾಸ್ತಿ ಇದ್ದರೆ ಬುಪ್ರೊಫೆಜಿನ್ನೇ ಎರಡನೇ ಸಲ ಬೇಡ, 4ಎ ಕೂಡ ಬೇಡ. ಆಗ ಥ್ರಿಪ್ಸ್ ಕೂಡ ಹೆಚ್ಚಾಗಿದ್ದರೆ ಟೋಲ್ಫೆನ್‌ಪೈರಾಡ್ ಕೇಳಿ, ಅದು 21ಎ ಗುಂಪು. ಡಬ್ಬಿಯ ಚೀಟಿಯಲ್ಲಿ ಮಾವು ಅಂತ ಬರೆದಿದೆಯಾ, ಡೋಸ್ ಎಷ್ಟು, ಕೊಯ್ಲಿಗೆ ಎಷ್ಟು ದಿನ ಮೊದಲು ಅಂತ ಓದಿಯೇ ಕೊಳ್ಳಿ. ಬಾದಾಮಿ ಹೊರದೇಶಕ್ಕೆ ಹೋಗುವುದಿದ್ದರೆ ಖರೀದಿದಾರರು ಒಪ್ಪುವ ಔಷಧಿಗಳ ಪಟ್ಟಿ ಮೊದಲೇ ಕೇಳಿ. ಯುರೋಪಿನಲ್ಲಿ 2018ರಿಂದ ಇಮಿಡಾ, ಥಯಾಮೆಥಾಕ್ಸಾಮ್ ಬಯಲಲ್ಲಿ ಬಳಸುವಂತಿಲ್ಲ, ಹಾಗಾಗಿ ಉಳಿಕೆಯ ತಪಾಸಣೆ ಬಿಗಿ. ತೋತಾಪುರಿ ಪಲ್ಪ್ ಫ್ಯಾಕ್ಟರಿಗೆ ಹೋದರೂ ಈ ಪ್ರಶ್ನೆ ಬರುತ್ತದೆ.

ಕೊಯ್ಲು ಮುಗಿದ ಕೂಡಲೇ, ಜುಲೈ–ಆಗಸ್ಟ್‌ನಲ್ಲಿ, ನಡುವಿನ ಒಂದೆರಡು ದಪ್ಪ ಕೊಂಬೆ ತೆಗೆದು ಮರದ ಹೊಟ್ಟೆಗೆ ಬಿಸಿಲು ಬಿಡಿ. ಒಂದಕ್ಕೊಂದು ತಾಗುವ ರೆಂಬೆ ಕತ್ತರಿಸಿ. ನೆರಳು, ತೇವ ಇದ್ದ ಕಡೆಯೇ ಜಿಗಿಹುಳು ಠಿಕಾಣಿ ಹೂಡುವುದು, ಅದೂ ಅಲ್ಲದೆ ಮರಕ್ಕೆ 12 ಲೀಟರ್ ಬೇಕಾದದ್ದು 8ಕ್ಕೆ ಇಳಿಯುತ್ತದೆ. ಹೂ ಇಲ್ಲದ ತಿಂಗಳಲ್ಲಿ ಕಾಂಡದ ಮೇಲೆ ಹುಳು ಕಂಡರೆ ಬ್ಯೂವೇರಿಯಾ (ಹುಳವನ್ನು ಕೊಲ್ಲುವ ಶಿಲೀಂಧ್ರ) ಸಾಕು, ಕಾಂಡಕ್ಕೆ ಮಾತ್ರ, ಮಳೆಗಾಲದ ತೇವ ಇರುವಾಗ ಸಂಜೆ ಹೊತ್ತು. ಒಣ ಹವೆಯಲ್ಲಿ ಅದು ಹಿಡಿಯುವುದಿಲ್ಲ. ಅದರ ಆಸುಪಾಸು ಶಿಲೀಂಧ್ರನಾಶಕ ಹೊಡೆದರೆ ಬ್ಯೂವೇರಿಯಾವೂ ಸಾಯುತ್ತದೆ, ಅದೂ ಶಿಲೀಂಧ್ರವೇ ತಾನೆ.

ಇನ್ನೊಂದು, ಮುಂದಿನ ಹಂಗಾಮಿಗೆ ಒಂದು ನೋಟ್‌ಬುಕ್ ಇಡಿ: ತಾರೀಖು, ತಾಂತ್ರಿಕ ಹೆಸರು, ಗುಂಪಿನ ನಂಬರ್, ಎಷ್ಟು ಡ್ರಮ್ಮು, ಏಳನೇ ದಿನದ ಎಣಿಕೆ. ಅಂಗಡಿಗೆ ಹೋಗುವಾಗ ಅದನ್ನೇ ಜೇಬಲ್ಲಿಟ್ಟುಕೊಂಡು ಹೋಗಿ.

---

ಒಣದ್ರಾಕ್ಷಿ:

ಪಕ್ಕದ ತೋಪಿನವ್ರನ್ನೂ ಕೂಡಿಸ್ಕೊಂಡು ಒಂದ ವಾರದೊಳಗ ಎಲ್ಲಾರೂ ಒಂದ ಗುಂಪಿನ ಔಷಧಿ ಹೊಡೀರಿ. ನೀವು 16, ಅವ್ರು 4ಎ, ಆಚೆಯವ್ರು ಮತ್ತೊಂದು ಅಂದ್ರ ಹುಳ ಊರೆಲ್ಲಾ ತಿರುಗಿ ಎಲ್ಲಾ ಔಷಧಿಯ ರುಚಿನೂ ನೋಡ್ತದ. ಡಬ್ಬಿ ಪರೀಕ್ಷೆಯ ಎಣಿಕೆ ಇಲ್ಲೇ ಹಾಕ್ರಿ, ನೀರಿನ ಡಬ್ಬಿದು ಮರೀಬ್ಯಾಡ್ರಿ.